ಕೋಳಿಮರಿಯ ಬೆರಳು ಮಡಿಚಿ ಕಾಲು ಬಿದ್ದಾಗ: ನನ್ನ ಅನುಭವ

ಮಂಡ್ಯದ ಕಡೆ ಮರಿಗಳಿಗೆ ನುಚ್ಚು, ರಾಗಿ ಚೆಲ್ಲಿ ಸಾಕುವುದೇ ರೂಢಿ. ಬರೀ ಅದನ್ನೇ ಹಾಕಿದರೆ ಎರಡು-ಮೂರನೇ ವಾರದಲ್ಲಿ ಕಾಲ್ಬೆರಳು ಮುಷ್ಟಿಯಂತೆ ಒಳಕ್ಕೆ ಮಡಿಚಿ, ಮರಿ ಮಂಡಿಯೂರಿ ತೆವಳಬಹುದು. ಕಣ್ಣು ಮಾತ್ರ ಚುರುಕಾಗಿರುತ್ತದೆ, ಮೇವೂ ತಿನ್ನುತ್ತದೆ.

ಕ್ಯಾಲ್ಸಿಯಂ ಟಾನಿಕ್ ಐದು ದಿನ, ಹರಳೆಣ್ಣೆ ತಿಕ್ಕಿದ್ದು, ಬಿಸಿಲಿಗೆ ಬಿಟ್ಟಿದ್ದು, ಯಾವುದೂ ಹಿಡಿಯಲಿಲ್ಲ. ಕೊರತೆ ಮೂಳೆಯದಲ್ಲ; ನರಕ್ಕೆ ಬೇಕಾದ ವಿಟಮಿನ್ ಬಿ2, ಅಂದರೆ ರೈಬೋಫ್ಲೇವಿನ್‌ನದು.

ಹಿಡಿದದ್ದು ಇದು. ಮೆಡಿಕಲ್ ಅಂಗಡಿಯ ಬಿ ಕಾಂಪ್ಲೆಕ್ಸ್ ಮಾತ್ರೆ, ಲೇಬಲ್ಲಿನಲ್ಲಿ ಬಿ2 10 ಮಿ.ಗ್ರಾಂ. ಎಂದಿರಬೇಕು. ಒಂದನ್ನು ಪುಡಿ ಮಾಡಿ 100 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಕಲಸಿ. ಆಗ 1 ಮಿ.ಲೀ.ಗೆ 100 ಮೈಕ್ರೋಗ್ರಾಂ ಸಿಗುತ್ತದೆ, ಒಂದು ಮರಿಗೆ ದಿನಕ್ಕೆ ಅಷ್ಟೇ ಸಾಕು. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಡಿ. ನೇರ ಬಾಯಿಗೆ ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಎರಡು ದಿನ ಸತತವಾಗಿ ಕೊಡಿ. ಬಿ2 ಬೆಳಕಿಗೆ ಕೆಡುವುದರಿಂದ ಪ್ರತಿದಿನ ಹೊಸದಾಗಿ ಕಲಸಿ.

ಅಂದಿನಿಂದಲೇ ನುಚ್ಚು ಬಿಡಿಸಿ ಚಿಕ್ ಸ್ಟಾರ್ಟರ್ (ಮರಿಗಳಿಗೆಂದೇ ತಯಾರಿಸಿದ) ಮೇವು ಹಾಕಿ, ಇಲ್ಲವಾದರೆ ಮತ್ತೆ ಬೀಳುತ್ತದೆ. ನೆಲಕ್ಕೆ ಪೇಪರ್ ಬೇಡ, ಜಾರುತ್ತದೆ, ಗೋಣಿಚೀಲ ಹಾಸಿ. ತಡ ಮಾಡಿದರೆ ನರವೇ ಹಾಳಾಗಿ ಬೆರಳು ಮಡಿಚಿದಂತೆಯೇ ಉಳಿಯುತ್ತದೆ.

ಬೆಳೆದ ಕೋಳಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಮಲಗಿದರೆ ಲೆಕ್ಕ ಬೇರೆ. ಅದು ಮ್ಯಾರೆಕ್ಸ್ ಎಂಬ ವೈರಸ್ ರೋಗ ಇರಬಹುದು, ಅದಕ್ಕೆ ಮದ್ದಿಲ್ಲ. ಮರಿ ಮೊಟ್ಟೆಯೊಡೆದು ಬಂದ ಮೊದಲ ದಿನದ ಲಸಿಕೆಯೇ ದಾರಿ.