ಕಂಪ್ಯೂಟರ್ ಆನ್ ಆಗುವಾಗಲೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದೆಯಾ?

ಮೊದಲು ಒಂದು ವಿಷಯ ಗಮನಿಸಿ. ವಿಂಡೋಸ್ ಲೋಗೋ ಬರುವ ಮೊದಲೇ ಆಫ್ ಆಗುತ್ತದೆಯೋ, ಬಂದ ಮೇಲೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲೇ ಆದರೆ ತೊಂದರೆ ಹೆಚ್ಚಾಗಿ ಹಾರ್ಡ್‌ವೇರ್‌ನದು. ಪ್ಲಗ್ ತೆಗೆದು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಕ್ಯಾಬಿನೆಟ್ ತೆರೆದು ಉದ್ದನೆಯ ಮೆಮೊರಿ ಪಟ್ಟಿಯಾದ ರ್‍ಯಾಮ್ ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಅಂಚನ್ನು ಒಣಗಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಎರಡು ರ್‍ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ನಮ್ಮನೆಯದು ಇಷ್ಟಕ್ಕೇ ಸರಿಹೋಯಿತು. ಪ್ರೊಸೆಸರ್ ಫ್ಯಾನಿನ ಧೂಳನ್ನೂ ತೆಗೆಯಿರಿ, ಬಿಸಿ ಜಾಸ್ತಿಯಾದರೂ ಹೀಗಾಗುತ್ತದೆ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದರೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಶಾಕ್ ಹೊಡೆಯಬಹುದು.

ಲೋಗೋ ಬಂದ ಮೇಲಾದರೆ, ಅದು ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ 10, 11ರಲ್ಲಿ ರಿಪೇರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು, 9 ಒತ್ತಿ. ಆಗ ತಾನಾಗೇ ರೀಸ್ಟಾರ್ಟ್ ಆಗದೆ ಎರರ್ ಕೋಡ್ ಪರದೆ ಮೇಲೆ ನಿಲ್ಲುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್, ಅಂದರೆ ತೀರಾ ಬೇಕಾದದ್ದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ತೆರೆಯುವ ರೀತಿ. ಅದು ತೆರೆದುಕೊಂಡರೆ ಹೊಸದಾಗಿ ಹಾಕಿದ ಡ್ರೈವರ್ (ಪ್ರಿಂಟರ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ನೋಡಿ.

ಇಷ್ಟೆಲ್ಲಾ ನೋಡುವ ಮೊದಲೇ ಸುಮ್ನೆ ಫಾರ್ಮ್ಯಾಟ್ ಮಾಡಿಸಬೇಡಿ. ಒಳಗೆ ಮಕ್ಕಳ ಫೋಟೋಗಳಿರುತ್ತವೆ, ಅಲ್ವಾ?