ಮ್ಯಾಕ್ ಮಿನಿಗೆ ಎರಡು ಎಕ್ಸ್‌ಪ್ಯಾನ್ಶನ್ ಚಾಸಿ ಹಾಕಿದ ನನ್ನ ಅನುಭವ

ನಾನು ಮಾಡೋದು ಮಲ್ಟಿಕ್ಯಾಮ್ (ಒಂದೇ ಸಲ ಹಲವು ಕ್ಯಾಮೆರಾ) ರೆಕಾರ್ಡಿಂಗ್, ಟವರ್ ಕಂಪ್ಯೂಟರ್ ಹೊತ್ಕೊಂಡು ಊರೂರು ತಿರುಗೋಕೆ ಆಗಲ್ಲ, ಅದಕ್ಕೆ 2018ರ ಮ್ಯಾಕ್ ಮಿನಿ ಇಟ್ಕೊಂಡಿದೀನಿ. ಅದರಲ್ಲಿ ಕಾರ್ಡ್ ಕೂರಿಸೋ ಪಿಸಿಐಇ ಸ್ಲಾಟ್ ಒಂದೂ ಇಲ್ಲ, ಆದ್ರೆ ನಾಲ್ಕು ಥಂಡರ್‌ಬೋಲ್ಟ್ 3 ಪೋರ್ಟ್ ಇದೆ. ನನಗೆ ಬೇಕಿದ್ದಿದ್ದು ಎಂಟು ಎಸ್‌ಡಿಐ (ಕ್ಯಾಮೆರಾ ವಿಡಿಯೋ ಬರೋ ಕೇಬಲ್) ಚಾನಲ್‌ನ ಕ್ಯಾಪ್ಚರ್ ಕಾರ್ಡ್ ಡೆಕ್‌ಲಿಂಕ್ ಕ್ವಾಡ್ 2, ಒಂದು ಎಸ್‌ಎಸ್‌ಡಿ ಕಾರ್ಡ್, ಒಂದು 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್. ಇವನ್ನ ಎಕ್ಸ್‌ಪ್ಯಾನ್ಶನ್ ಚಾಸಿ, ಅಂದ್ರೆ ಪಿಸಿಐಇ ಸ್ಲಾಟ್ ಇರೋ ಹೊರಗಿನ ಡಬ್ಬಿಯಲ್ಲಿ ಕೂರಿಸಿ ಥಂಡರ್‌ಬೋಲ್ಟ್ ಕೇಬಲಲ್ಲಿ ಮಿನಿಗೆ ಸೇರಿಸಬೇಕು.

ಚಾಸಿಯಿಂದ ಚಾಸಿಗೆ ಕೇಬಲ್ ಎಳೆದು ಒಂದೇ ಪೋರ್ಟಲ್ಲಿ ಆರು ಡಿವೈಸ್ ತನಕ ಸಾಲಾಗಿ ಹಾಕಬಹುದು, ಆದ್ರೆ ಒಂದೇ ನಲ್ಲಿಗೆ ನಾಲ್ಕು ಪೈಪ್ ಸಿಕ್ಕಿಸಿದ್ರೆ ನೀರೇನು ಜಾಸ್ತಿ ಬರಲ್ಲ ನೋಡಿ. ಥಂಡರ್‌ಬೋಲ್ಟ್ 3 ಅಂದ್ರೆ 40 ಗಿಗಾಬಿಟ್ ಅಂತಾರೆ, ಕಾರ್ಡ್ ಡೇಟಾಗೆ ನಿಜವಾಗಿ ಸಿಗೋದು ಸೆಕೆಂಡಿಗೆ ಸುಮಾರು 2.7 ಜಿಬಿ. 1080ಪಿ50 ಕ್ಯಾಮೆರಾ ಒಂದಕ್ಕೆ 8 ಬಿಟ್‌ನಲ್ಲಿ 207 ಎಂಬಿ, ಎಂಟಕ್ಕೆ 1.66 ಜಿಬಿ. ಬರೀ ರೆಕಾರ್ಡಿಂಗ್ ಆದ್ರೆ ಒಂದೇ ಲೈನ್ ಸಾಕು, ಯಾಕಂದ್ರೆ ಕ್ಯಾಮೆರಾ ಡೇಟಾ ಒಳಗೆ ಬರುತ್ತೆ, ಎಸ್‌ಎಸ್‌ಡಿಗೆ ಬರೆಯೋದು ಹೊರಗೆ ಹೋಗುತ್ತೆ, ಎರಡು ದಿಕ್ಕೂ ಬೇರೆ. ನಮ್ಮಲ್ಲಿ ಪ್ರೋಗ್ರಾಂ ನಡೀತಿರೋವಾಗಲೇ ಎಡಿಟರ್ ಫೈಲ್ ಎಳ್ಕೋತಾರೆ, ಆಗ ಎಸ್‌ಎಸ್‌ಡಿಯಿಂದ ಓದಿದ್ದು ಕ್ಯಾಮೆರಾ ಬರೋ ದಿಕ್ಕಲ್ಲೇ ಬರುತ್ತೆ, 10 ಗಿಗಾಬಿಟ್ ಪೂರ್ತಿ ಓಡಿದ್ರೆ ಇನ್ನೂ 1.25 ಜಿಬಿ, ಕೂಡಿಸಿದ್ರೆ ಲೈನ್ ಸಾಲಲ್ಲ, ಫ್ರೇಮ್ ಡ್ರಾಪ್ ಗ್ಯಾರಂಟಿ.

ಅದಕ್ಕೇ ಕ್ಯಾಪ್ಚರ್ ಕಾರ್ಡಿಗೊಂದು ಚಾಸಿ, ಉಳಿದೆರಡಕ್ಕೆ ಇನ್ನೊಂದು. ಇಲ್ಲೊಂದು ಮುಖ್ಯ ವಿಷಯ: ನಾಲ್ಕು ಪೋರ್ಟ್ ಇದ್ರೂ ಒಳಗಿರೋ ಕಂಟ್ರೋಲರ್ ಎರಡೇ, ಎರಡೆರಡು ಪೋರ್ಟ್ ಒಂದೊಂದನ್ನ ಹಂಚ್ಕೊಳ್ಳುತ್ತೆ. ಎರಡು ಚಾಸಿನೂ ಒಂದೇ ಜೋಡಿ ಪೋರ್ಟಿಗೆ ಸಿಕ್ಕಿಸಿದ್ರೆ ಮತ್ತೆ ಅದೇ ಒಂದು ನಲ್ಲಿ. ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ಥಂಡರ್‌ಬೋಲ್ಟ್ ತೆಗೆದು ಎರಡು ಚಾಸಿನೂ ಬೇರೆ ಬೇರೆ ಬಸ್ (ಅಂದ್ರೆ ಬೇರೆ ಕಂಟ್ರೋಲರ್) ಕೆಳಗೆ ಬರೋ ತನಕ ಕೇಬಲ್ ಬದಲಾಯಿಸ್ತಾ ಹೋದೆ.

ಚಾಸಿ ತಗೋಳೋವಾಗ ಸ್ಲಾಟಿನ ಉದ್ದ ನಂಬಬೇಡಿ. ನೋಡೋಕೆ ಎಕ್ಸ್16 (ಹದಿನಾರು ಲೇನ್, ಅಂದ್ರೆ ಡೇಟಾ ಓಡೋ ದಾರಿ) ಇರುತ್ತೆ, ಎಷ್ಟೋ ಚಾಸಿಯಲ್ಲಿ ವೈರಿಂಗ್ ಮಾತ್ರ ಎಕ್ಸ್4. ಕ್ವಾಡ್ 2 ಪಿಸಿಐಇ 2ನೇ ಜನರೇಶನ್ ಎಕ್ಸ್8 ಕಾರ್ಡು, ನಾಲ್ಕೇ ಲೇನ್ ಸಿಕ್ಕಿದ್ರೆ ಲೆಕ್ಕದ ಪ್ರಕಾರವೇ 2 ಜಿಬಿ, ಎಂಟು ಕ್ಯಾಮೆರಾಗೆ ಉಸಿರು ಕಟ್ಟುತ್ತೆ. ಒಳಗೆ ಲೇನ್ ಹಂಚೋ ಸ್ವಿಚ್ ಚಿಪ್ ಇದ್ದು ಸ್ಲಾಟಿಗೆ ಎಂಟು ಲೇನ್ ಕೊಡೋದನ್ನೇ ಹುಡುಕಿ ತಗೊಂಡೆ, ಆಮೇಲೆ ಸಿಸ್ಟಂ ಇನ್ಫರ್ಮೇಶನ್‌ನ ಪಿಸಿಐ ಪೇಜಲ್ಲಿ ಲಿಂಕ್ ವಿಡ್ತ್ ಎಕ್ಸ್8, ಸ್ಪೀಡ್ 5 ಜಿಟಿ (2ನೇ ಜನರೇಶನ್‌ನ ಪೂರ್ತಿ ವೇಗ) ಅಂತ ಬಂದಾಗ್ಲೇ ಸಮಾಧಾನ ಆಗಿದ್ದು. ಎಸ್‌ಎಸ್‌ಡಿ ಕಾರ್ಡೂ ಅಷ್ಟೇ, ನಾಲ್ಕು ಎಂ.2 (ಪಟ್ಟಿ ಥರದ ಚಿಕ್ಕ ಎಸ್‌ಎಸ್‌ಡಿ) ಕೂರೋ ಅಗ್ಗದ ಕಾರ್ಡ್ ಹಾಕಿದ್ರೆ ಚಾಸಿಯಲ್ಲಿ ಒಂದೇ ಎಸ್‌ಎಸ್‌ಡಿ ಕಾಣುತ್ತೆ, ಸ್ವಂತ ಸ್ವಿಚ್ ಇರೋ ಕಾರ್ಡೇ ಬೇಕು.

ಕೇಬಲ್ ಅರ್ಧ ಮೀಟರಿಂದೇ ಇಟ್ಟಿದೀನಿ. ಎರಡು ಮೀಟರ್ ಬೇಕಂದ್ರೆ ಆ್ಯಕ್ಟಿವ್ ಕೇಬಲ್ (ಒಳಗೆ ಸಿಗ್ನಲ್ ಬಲಪಡಿಸೋ ಚಿಪ್ ಇರೋದು) ತಗೊಳ್ಳಿ, ಆ ಉದ್ದದ ಪ್ಯಾಸಿವ್ ಕೇಬಲ್ 20 ಗಿಗಾಬಿಟ್‌ಗೆ ಇಳಿಯುತ್ತೆ. ಮಿನಿ, ಎರಡೂ ಚಾಸಿ ಎಲ್ಲಾ ಒಂದೇ ಯುಪಿಎಸ್‌ನಲ್ಲಿ ಇರ್ಲಿ, ಮಧ್ಯದಲ್ಲಿ ಚಾಸಿಗೆ ಮಾತ್ರ ಕರೆಂಟ್ ಹೋದ್ರೆ ಕಾರ್ಡೇ ಮಾಯ, ರೆಕಾರ್ಡಿಂಗ್ ಅಲ್ಲಿಗೇ ಕಟ್.