ಸಿಹಿನೀರಿನ ಮರದ ದೋಣಿಗೆ ಯಾವ ಮೊಳೆ, ಯಾವ ಸ್ಕ್ರೂ: ನನ್ನ ಅನುಭವ

ಭೀಮಾ ನದಿಯಲ್ಲಾಗಲಿ, ನಾರಾಯಣಪುರದ ಹಿನ್ನೀರಿನಲ್ಲಾಗಲಿ ಹೆಚ್ಚಾಗಿ ಓಡುವುದು ಹರಗೋಲು. ಬಿದಿರು ಹೆಣೆದು, ಹೊದಿಕೆ ಹಾಕಿ, ಟಾರು ಬಳಿದರೆ ಮುಗಿಯಿತು. ಮೊಳೆಯ ಕೆಲಸವೇ ಇಲ್ಲ. ಹಾಗಾಗಿ ಯಾದಗಿರಿ ಕಡೆ ಹಲಗೆ ದೋಣಿ ಕಟ್ಟಲು ಹೊರಟರೆ ಬಡಿಗೇರರ ಕೈ ಬಾಗಿಲು–ಚೌಕಟ್ಟಿನ ಸಾಮಾನಿಗೇ ಹೋಗುತ್ತದೆ: ಕಬ್ಬಿಣದ ಮೊಳೆ, ಹಿತ್ತಾಳೆ ಸ್ಕ್ರೂ. ದೋಣಿಗೆ ಎರಡೂ ಬೇಡ.

ಸಿಹಿನೀರಲ್ಲವೇ, ತುಕ್ಕು ಎಲ್ಲಿಂದ ಬರಬೇಕು ಅನ್ನುವವರಿದ್ದಾರೆ. ಅರ್ಧ ಮಾತು ನಿಜ. ಉಪ್ಪುನೀರಿನಲ್ಲಿ ಒಂದು ಲೋಹ ಇನ್ನೊಂದನ್ನು ತಿನ್ನುವಷ್ಟು ಬೇಗ ಇಲ್ಲಿ ತಿನ್ನುವುದಿಲ್ಲ. ಆದರೆ ಕೆಡುವುದು ನೀರಿಗೆ ಕಾಣುವ ತಲೆಯಲ್ಲ, ಮರದೊಳಗೆ ಹುದುಗಿದ ಭಾಗ. ಹಳೆಯ ದೋಣಿಯಿಂದ ಕಬ್ಬಿಣದ ಮೊಳೆ ಕಿತ್ತು ನೋಡಿ: ತಲೆ ಗಟ್ಟಿ, ತುದಿ ಗಟ್ಟಿ, ಎರಡು ಹಲಗೆ ಕೂಡುವ ಗೆರೆಯಲ್ಲಿ ಮಾತ್ರ ಕಡ್ಡಿಯಷ್ಟು ಸಣ್ಣಗಾಗಿರುತ್ತದೆ. ಸುತ್ತಲ ಮರ ಕಪ್ಪಾಗಿ ಬೆರಳಿಗೆ ಪುಡಿಯಾಗುತ್ತದೆ. ಜಾಲಿಯಂಥ ಒಗರು ಮರದಲ್ಲಿ ಇದು ಇನ್ನೂ ಬೇಗ.

ಎರಡನೆಯ ಶತ್ರು ಬೇಸಿಗೆ. ನೀರಿಳಿದ ಮೇಲೆ ದೋಣಿ ದಡದ ಮೇಲೆ 40 ಡಿಗ್ರಿ ದಾಟಿದ ಬಿಸಿಲಲ್ಲಿ ಒಣಗುತ್ತದೆ, ಹಲಗೆ ಕುಗ್ಗುತ್ತದೆ. ಮರದ ಹಿಡಿತವನ್ನೇ ನಂಬಿದ ಮೊಳೆ ಸಡಿಲಾಗಿ, ಮುಂದಿನ ಮಳೆಗಾಲದಲ್ಲಿ ಅದೇ ತೂತಿನಿಂದ ನೀರು ಒಳಗೆ ಬರುತ್ತದೆ. ಅದಕ್ಕೇ ನಾನು ಲೋಹಕ್ಕಿಂತ ಮೊದಲು ಹಿಡಿಯುವ ರೀತಿ ನೋಡುತ್ತೇನೆ. ಎರಡೂ ಕಡೆಯಿಂದ ಬಿಗಿಯುವ ರಿವೆಟ್ಟು (ತುದಿಗಳನ್ನು ಬಡಿದು ತಲೆ ಕಟ್ಟುವ ಲೋಹದ ಕಡ್ಡಿ), ಬೋಲ್ಟು ಈ ಒಣಗು–ನೆನೆಯನ್ನು ತಾಳುತ್ತವೆ. ಬರೀ ಮೊಳೆ ತಾಳುವುದಿಲ್ಲ.

ಸಿಲಿಕಾನ್ ಕಂಚಿನ (ಸಿಲಿಕಾನ್ ಬೆರೆಸಿದ ತಾಮ್ರದ) ಸ್ಕ್ರೂ ದೋಣಿಗೆ ಒಳ್ಳೆಯ ಆಯ್ಕೆ, ಆದರೆ ಕಲಬುರಗಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ. ತಾಮ್ರ ಮಾತ್ರ ಎಲ್ಲೆಡೆ ಸಿಗುತ್ತದೆ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್ ತಂತಿಯ ರೂಪದಲ್ಲಿ. 10 ಗೇಜಿನ ತಂತಿ 3.25 ಮಿಮೀ ದಪ್ಪ. 12 ಮಿಮೀ ಸಾಗವಾನಿ ಹಲಗೆಗೆ ಸರಿಯಾದ ರಿವೆಟ್ಟು. ಒಂದು ಕಿಲೋಗೆ ಸುಮಾರು 13 ಮೀಟರ್ ಬರುತ್ತದೆ. 12 ಅಡಿ ದೋಣಿ, ಬದಿಗೆ ಮೂರು ಹಲಗೆ ಅಂದರೆ ಬದಿಗೆ ಎರಡರಂತೆ ಹಲಗೆ ಕೂಡುವ ನಾಲ್ಕು ಜೋಡುಗೆರೆ. 7 ಸೆಂಮೀಗೊಂದರಂತೆ 200 ರಿವೆಟ್ಟು ಚಿಲ್ಲರೆ. ಹಾಳಾಗುವುದನ್ನು ಸೇರಿಸಿದರೂ ಒಂದು ಕಿಲೋ ಸಾಕು.

ಹಲಗೆ ಮೇಲೆ ಹಲಗೆ 24 ಮಿಮೀ, ಎರಡು ವಾಷರ್ 2 ಮಿಮೀ, ತಲೆ ಕಟ್ಟಲು ಎರಡೂ ಬದಿ ಐದೈದು ಮಿಮೀ: ತುಂಡಿನ ಉದ್ದ 36. ಒಳಪಕ್ಕೆಲುಬಿನ ಮೇಲೆ ಹಾಯುವಲ್ಲಿ ಅದರ ದಪ್ಪವನ್ನೂ ಕೂಡಿಸಿ ಕತ್ತರಿಸಬೇಕು. ತಂತಿಯನ್ನು ಮಂದ ಕೆಂಪಾಗುವವರೆಗೆ ಗ್ಯಾಸ್ ಉರಿಯಲ್ಲಿ ಕಾಯಿಸಿ ನೀರಿಗೆ ಹಾಕುತ್ತೇನೆ. ಕಬ್ಬಿಣದಂತೆ ಗಡಸಾಗುವುದಿಲ್ಲ, ಮೆತ್ತಗಾಗುತ್ತದೆ. ವಾಷರ್‌ಗೆ 1 ಮಿಮೀ ತಾಮ್ರದ ತಗಡು. ಅದನ್ನೂ ಕಾಯಿಸಿ, ಗ್ಯಾಸ್ಕೆಟ್ ಕತ್ತರಿಸುವ 12 ಮಿಮೀ ಪಂಚ್‌ನಿಂದ ಮರದ ದಿಮ್ಮಿಯ ಮೇಲೆ ಕೊಯ್ಯುವುದು. ನಡುವಿನ ತೂತು 3 ಮಿಮೀ ಮಾತ್ರ ಇರಲಿ, ತಂತಿ ಬಿಗಿಯಾಗಿ ತೂರಬೇಕು. ಸಡಿಲ ವಾಷರ್ ಬಡಿಯುವಾಗ ಓರೆಯಾಗುತ್ತದೆ.

ಮೊದಲ ತಲೆಯನ್ನು ವೈಸ್‌ನಲ್ಲೇ ಕಟ್ಟಬೇಕು. ಎರಡು ಕಬ್ಬಿಣದ ಪಟ್ಟಿಗಳನ್ನು ಒತ್ತಿ ಹಿಡಿದು, ಕೂಡುವ ಗೆರೆಯ ಮೇಲೆ 3 ಮಿಮೀ ತೂತು ಕೊರೆದಿಟ್ಟರೆ ತಂತಿ ಜಾರುವುದಿಲ್ಲ. ಮೇಲೆ ವಾಷರ್ ತೊಡಿಸಿ, 5 ಮಿಮೀ ಬಿಟ್ಟು ಬಡಿಯುತ್ತೇನೆ. ಹಲಗೆಯಲ್ಲಿ 3.2ರ ಬಿಟ್‌ನಿಂದ ತೂತು, ಹೊರಗಿನಿಂದ ರಿವೆಟ್ಟು, ಒಳಗಿನಿಂದ ವಾಷರ್. ಹೊರಗಿನ ತಲೆಗೆ ಎರಡು ಕಿಲೋ ತೂಕದ ಕಬ್ಬಿಣ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಸುತ್ತಿಗೆ 200 ಗ್ರಾಂನ ಗುಂಡು ಮೂತಿಯದು, ಏಟು ಹಗುರ, ತುದಿಯ ಸುತ್ತಲೂ. ಜೋರಾಗಿ ಹೊಡೆದರೆ ತಲೆ ಕಟ್ಟುವ ಬದಲು ತಂತಿಯೇ ಮರದೊಳಗೆ ಬಳುಕುತ್ತದೆ. ಹೊರಗೆ ಚೆನ್ನಾಗಿ ಕಂಡರೂ ದೋಣಿ ಓಡಿದಂತೆ ಅದು ನೆಟ್ಟಗಾಗಿ ಜೋಡು ಬಿಡುತ್ತದೆ. ಸೋರುವ ರಿವೆಟ್ಟುಗಳಿಗೆ ಸಾಮಾನ್ಯ ಕಾರಣ ಇದೇ.

ತಳಕ್ಕೆ ಐಎಸ್ 710 ಗುರುತಿನ 12 ಮಿಮೀ ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್), ಎಪಾಕ್ಸಿ ಅಂಟಿನ ಜೊತೆ 8 ನಂಬರ್ 32 ಮಿಮೀ ಸ್ಟೇನ್‌ಲೆಸ್ ಸ್ಕ್ರೂ. ಸ್ಟೇನ್‌ಲೆಸ್ ದರ್ಜೆಗಳಲ್ಲಿ 316 ಸಿಕ್ಕರೆ ಒಳ್ಳೆಯದು, 304 ಆದರೂ ನಡೆಯುತ್ತದೆ, ತಲೆ ಒಳಗಿಳಿಸಿ ಎಪಾಕ್ಸಿ ಪುಟ್ಟಿ ಮುಚ್ಚಬೇಕು. ಗಾಳಿಯಾಡದ ತೇವದಲ್ಲಿ ಸ್ಟೇನ್‌ಲೆಸ್ ತನ್ನ ರಕ್ಷಣೆಯ ಪದರ ಕಳೆದುಕೊಳ್ಳುತ್ತದೆ, ಆದ್ದರಿಂದ ನೀರು ಅದರವರೆಗೆ ಹೋಗಲೇಬಾರದು. ಮೊನೆಗೆ 3 ಮಿಮೀ, ಕತ್ತಿಗೆ 4.2 ಮಿಮೀ ತೂತು. ಸ್ಕ್ರೂಗೆ ಸೋಪು ಹಚ್ಚುವ ರೂಢಿ ಬಿಡಿ, ಸೋಪು ತೇವ ಹೀರುತ್ತದೆ, ಮೇಣ ಸಾಕು.

ಸ್ಟೇನ್‌ಲೆಸ್ ಎಂದು ಕೊಟ್ಟದ್ದನ್ನು ಆಯಸ್ಕಾಂತದಿಂದ ಪರೀಕ್ಷಿಸಿ ಸಮಾಧಾನ ಪಡುವವರೇ ಹೆಚ್ಚು. ಅಗ್ಗದ 202 ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಬೋಲ್ಟಿನ ತಲೆಯ ಮೇಲೆ ಎ2-70 ಅಂದರೆ 304, ಎ4 ಅಂದರೆ 316. ಸ್ಕ್ರೂ ಮೇಲೆ ಗುರುತಿರುವುದಿಲ್ಲ; ಉಪ್ಪುನೀರಿನ ಬಟ್ಟೆಯಲ್ಲಿ ಒಂದು ವಾರ ಸುತ್ತಿಟ್ಟರೆ ಕಳಪೆಯದ್ದು ಕಂದು ಕಲೆ ತೋರಿಸುತ್ತದೆ. ಹಿತ್ತಾಳೆಗೆ ಮಾತ್ರ ಆಯಸ್ಕಾಂತ ಉಪಯೋಗ: ಅಂಟಿದರೆ ಅದು ಲೇಪ ಹಚ್ಚಿದ ಕಬ್ಬಿಣ. ಅಸಲಿ ಹಿತ್ತಾಳೆಯೂ ನೀರಿನ ಕೆಳಗೆ ಸಲ್ಲದು. ಸತು ಕರಗಿ ಹೋಗಿ ನಸುಗೆಂಪು ತೂತುತೂತಾದ ತಾಮ್ರ ಉಳಿಯುತ್ತದೆ, ಸ್ಕ್ರೂ ಡ್ರೈವರ್ ಇಟ್ಟರೆ ತಲೆ ಕಿತ್ತು ಬರುತ್ತದೆ. ಜಿಪ್ಸಮ್ ಕೆಲಸದ ಕಪ್ಪು ಸ್ಕ್ರೂ ಅಂಟು ಒಣಗುವವರೆಗೆ ಹಿಡಿದಿಡಲು ಸರಿ, ಆಮೇಲೆ ಬಿಚ್ಚಲೇಬೇಕು.

ಹಣ ಕಡಿಮೆಯಿದ್ದರೆ ಜಿಐ, ಅಂದರೆ ಸತು ಲೇಪದ ಕಬ್ಬಿಣದ ಬೋಲ್ಟು. ಹೊಳೆಯುವುದು ಬೇಡ, ಅದರ ಸತುವಿನ ಪದರ ತೆಳು. ಕರೆಂಟ್ ಕಂಬಕ್ಕೆ ಹಾಕುವ ಬೂದು ಬಣ್ಣದ, ಒರಟಾದ ಬೋಲ್ಟು ನೋಡಿ. ಕರಗಿದ ಸತುವಿನಲ್ಲಿ ಅದ್ದಿದ್ದು. ಆದರೆ ತಾಮ್ರದ ರಿವೆಟ್ಟಿನ ಪಕ್ಕ ಅದನ್ನು ಹಾಕಬೇಡಿ, ಮೊದಲು ಸತು ಸವೆದು ಆಮೇಲೆ ಕಬ್ಬಿಣ ಸವೆಯುತ್ತದೆ. ಅಲ್ಯೂಮಿನಿಯಂ ಪಟ್ಟಿಯೂ ಅಷ್ಟೇ.

ಹುಟ್ಟಿನ ಕಂಬ, ಹಿಂಬದಿಯ ಮೋಟಾರ್ ಹಲಗೆಗೆ 8 ಮಿಮೀ ಸ್ಟೇನ್‌ಲೆಸ್ ಬೋಲ್ಟು, ಅಗಲ ವಾಷರ್. ನಟ್ಟಿಗೆ ಮೊದಲೇ ಗ್ರೀಸ್ ಹಚ್ಚಿ. ಒಣ ಎಳೆಗೆ ಬಿಗಿದರೆ ಅರ್ಧದಲ್ಲೇ ಕಚ್ಚಿಕೊಂಡು ಕೊಯ್ದೇ ತೆಗೆಯಬೇಕಾಗುತ್ತದೆ. ಬೇಸಿಗೆಯಲ್ಲಿ ದೋಣಿ ನೆರಳಲ್ಲಿ ಬೋರಲು, ಮೇಲೆ ಒದ್ದೆ ಗೋಣಿಚೀಲ. ನೀರಿಗಿಳಿಸುವ ಮೊದಲು ಹಲಗೆ ಎರಡು ದಿನ ನೆನೆಯಲಿ, ಆಮೇಲೆ ನಟ್ಟು ಬಿಗಿಯಿರಿ. ಒಣ ಮರಕ್ಕೆ ಬಿಗಿದರೆ, ಮರ ಉಬ್ಬಿದಾಗ ವಾಷರ್ ಹಲಗೆಯೊಳಗೆ ಇಳಿಯುತ್ತದೆ.